ಓದದೆ ಬಿಟ್ಟ ಸಾಲು

ನಾನೊಂದು ಪಾತಿ ದೋಣಿ. ಇಬ್ಬರು ಕೂತರೆ ಮೂರನೆಯವನಿಗೆ ಜಾಗವಿಲ್ಲ. ಯಂತ್ರವಿಲ್ಲ, ಹಾಯಿಯಿಲ್ಲ, ಹುಟ್ಟು ಹಾಕಿದರೆ ಮಾತ್ರ ಮುಂದೆ ಹೋಗುವವಳು. ನನ್ನನ್ನು ಮಾವಿನ ಮರದಲ್ಲಿ ಕೊರೆದ ಆಚಾರಿ ಎಡಬದಿಯನ್ನು ಒಂದು ಬೆರಳು ದಪ್ಪ ಉಳಿಸಿಬಿಟ್ಟ. ಹಾಗಾಗಿ ನಾನು ಮೊದಲಿನಿಂದಲೂ ಸ್ವಲ್ಪ ಸೊಟ್ಟ. ನನ್ನ ಮಾತೂ ಹಾಗೆಯೇ.

ಮೊದಲು ಹೊಳೆ ದಾಟಿಸುತ್ತಿದ್ದೆ. ಸೇತುವೆ ಬಂತು, ನನ್ನ ಕೆಲಸ ಹೋಯಿತು. ಆಮೇಲೆ ಹೊನ್ನಪ್ಪ ಹರಿಕಾಂತ ನನ್ನನ್ನು ಕೊಂಡು ಸಮುದ್ರಕ್ಕೆ ಇಳಿಸಿದ. ನಡುಗಡ್ಡೆಯ ಬಂಡೆಗಳಿಂದ ತಿನ್ನುವ ಚಿಪ್ಪು ಕಿತ್ತು ತರುವುದು ಅವನ ಕಸುಬು. ಹೋಗಲು ಒಂದು ತಾಸು. ಬರುವಾಗ ಎದುರುಗಾಳಿ ಎದ್ದರೆ ದೇವರೇ ಗತಿ!

ಅವನ ಮಗ ದಾಮೋದರ ಬೆಳಗಾಗುತ್ತಲೇ ನನ್ನ ಅಂಚಿನ ಮೇಲೆ ಕೂತು, ಫೋನಿನಲ್ಲಿ ಗಾಳಿಯ ಮುನ್ಸೂಚನೆ ನೋಡಿ, ಓದು ಬಾರದ ದೋಣಿಯವರಿಗೆಲ್ಲ ತನ್ನ ಧ್ವನಿಯಲ್ಲಿ ಓದಿ ಕಳಿಸುತ್ತಿದ್ದ. ಮೊದಲ ಸಾಲಿನಲ್ಲಿ ಗಾಳಿಯ ಸರಾಸರಿ ವೇಗ. ಕೆಳಗಿನ ಸಾಲಿನಲ್ಲಿ ನಡುನಡುವೆ ಒಮ್ಮೆಲೇ ನುಗ್ಗುವ ಗಾಳಿಯ ವೇಗ.

“ಅಷ್ಟುದ್ದ ಎಂತಕ್ಕೆ ಓದ್ತ್ಯೋ ಮಾರಾಯಾ? ಗಾಳಿ ಎಷ್ಟು ಅಂತ ಒಂದು ಮಾತು ಹೇಳು, ಸಾಕು,” ಎಂದ ಹೊನ್ನಪ್ಪ ಒಂದು ದಿನ. ಉಳಿದವರೂ ಹೌದೆಂದರು. ಅಂದಿನಿಂದ ದಾಮೋದರ ಮೊದಲ ಸಾಲಿಗೇ ನಿಲ್ಲಿಸಿದ.

ದರಿದ್ರದ್ದು, ಮೂರು ತಿಂಗಳು ಆ ಮೊದಲ ಸಾಲು ಒಂದು ದಿನವೂ ತಪ್ಪಲಿಲ್ಲ! ತಪ್ಪಿದ್ದರೆ ಚೆನ್ನಾಗಿತ್ತು. ಮೂಡಣ ಗುಡ್ಡದ ಮೇಲೆ ಮೋಡ ಕಪ್ಪಿಟ್ಟರೂ ಹೊನ್ನಪ್ಪ ಈಗ ತಲೆಯೆತ್ತಿ ನೋಡುತ್ತಿರಲಿಲ್ಲ. “ದಾಮು ಹೇಳಿದ್ನಲ್ಲ,” ಎನ್ನುತ್ತಿದ್ದ. ನನಗೆ ಒಳಗೊಳಗೇ ಪುಕಪುಕ.

ಆ ದಿನ ಮಗನ ಧ್ವನಿ “ಗಂಟೆಗೆ ಹದಿನೈದು ಕಿಲೋಮೀಟರ್” ಎಂದಿತು. ಹೋದೆವು. ಬಂಡೆಯ ಮರೆಯಲ್ಲಿ ನೀರು ಎಣ್ಣೆಯ ಹಾಗೆ ನಿಂತಿತ್ತು. ಚಿಪ್ಪು ತುಂಬಿಕೊಂಡು ಮರೆ ದಾಟಿದೆವೋ ಇಲ್ಲವೋ, ಗುಡ್ಡದ ಕಡೆಯಿಂದ ಗಾಳಿ ನುಗ್ಗಿತು. ನಿಂತಿತು. ಮತ್ತೆ ನುಗ್ಗಿತು. ಮೂರನೆಯ ಸಲಕ್ಕೆ ನಾನು ಮಗುಚಿದೆ. ಹೊನ್ನಪ್ಪನ ಕೈ ನನ್ನ ಅಂಚನ್ನು ಬಹಳ ಹೊತ್ತು ಹಿಡಿದಿತ್ತು. ಆಮೇಲೆ ಇರಲಿಲ್ಲ.

ಮರುದಿನ ದೊಡ್ಡ ಬೋಟಿನವರು ನನ್ನೊಬ್ಬಳನ್ನೇ ಎಳೆದು ತಂದರು. ಈಗ ಮನೆಯ ಹಿತ್ತಲಲ್ಲಿ ಬಿದ್ದಿದ್ದೇನೆ. ತಳ ಸೀಳಿದೆ, ಗೆದ್ದಲು ಹತ್ತಿದೆ. ಒಂದು ಮಧ್ಯಾಹ್ನ ದಾಮೋದರ ನನ್ನ ಪಕ್ಕ ಕೂತು, ಫೋನು ತೆಗೆದು ಆ ದಿನದ ಎರಡನೆಯ ಸಾಲನ್ನು ಪಿಸುದನಿಯಲ್ಲಿ ಓದಿದ: “ನಡುನಡುವೆ ಐವತ್ತರವರೆಗೆ.” ಅಯ್ಯೋ, ಅವನ ಮುಖ ನೋಡಲಾಗಲಿಲ್ಲ ನನಗೆ.

ಈಗ ಅವನು ದಿನವೂ ಎರಡೂ ಸಾಲು ಓದಿ ಕಳಿಸುತ್ತಾನೆ. ಮೊನ್ನೆ ಅವನ ತಾಯಿ ಮಂಕಾಳಿ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದಳು: “ಈ ಎರಡನೇ ಸಾಲು ಅಪ್ಪ ಹೋದ ದಿನ ಇರ್ಲಿಲ್ವನಾ?”

“ಇರ್ಲಿಲ್ಲ ಆಯಿ.”

ಮರುದಿನದಿಂದ ಅವಳು ಪಕ್ಕದ ಮನೆಯ ಟೀಚರಮ್ಮನ ಹತ್ತಿರ ಅಕ್ಷರ ಕಲಿಯಲು ಹೋಗುತ್ತಿದ್ದಾಳೆ. ಆಯುಷ್ಯವಿಡೀ ಗಾಳಿಗೆ ಹೆದರಿದ ನನಗೆ ಈಗ ಮುದುಕಿಯ ಸ್ಲೇಟು ಕಂಡರೆ ಭಯ. ಆ ದಿನದ ಮುನ್ಸೂಚನೆಯನ್ನು ದಾಮೋದರ ಫೋನಿನಿಂದ ಇನ್ನೂ ಅಳಿಸಿಲ್ಲ.