ಕಲ್ಲಿನಲ್ಲಿ ಉಳಿದ ಗುಜ್ಜೆ

ಸ್ಟುಡಿಯೋ ನಡೆಸುವ ಮೊರೀನ್ ಆ ಕಲ್ಲನ್ನು ತಳ್ಳುಗಾಡಿಯಲ್ಲಿ ತಂದಾಗ ಜ್ಯೋತ್ಸ್ನಾಳ ಕಣ್ಣು ಅದರ ಒಡೆದ ಮೂಲೆಗೆ ಹೋಯಿತು. ಅದೇ ಕಲ್ಲು.

ಸಿಡ್ನಿಯ ಆ ಕಲ್ಲಚ್ಚಿನ, ಅಂದರೆ ಲಿಥೋಗ್ರಫಿಯ, ಸ್ಟುಡಿಯೋಗೆ ಅಂದು ಎಲ್ಲರಿಗೂ ಪ್ರವೇಶ; ಬಂದವರು ಕಲ್ಲಿನ ಮೇಲೆ ಚಿತ್ರ ಬರೆದು ಅದರ ಅಚ್ಚು ಒಯ್ಯಬಹುದಿತ್ತು. ಗೋಡೆಯ ತುಂಬ ಮೆಲ್ಬರ್ನ್‌ನ ಸಂಗ್ರಾಹಕರೊಬ್ಬರು ಎರವಲು ಕೊಟ್ಟ ಹಳೆಯ ಫ್ರೆಂಚ್ ವ್ಯಂಗ್ಯಚಿತ್ರಗಳು. ಕಲ್ಲಚ್ಚು ಹೊಸದಾಗಿ ಬಂದ ಕಾಲದವು. ತಾಮ್ರದ ತಗಡನ್ನು ಕೊರೆಯುತ್ತ ಕೂರಬೇಕಿರಲಿಲ್ಲ. ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ಬರೆದರೆ ಸಾಕು, ಪ್ಯಾರಿಸ್ಸಿನ ಬೀದಿಯೆಲ್ಲ ನಗುತ್ತಿತ್ತು. ರಾಜನ ಮುಖ ಪೇರ್ ಹಣ್ಣಾದ ಚಿತ್ರವೂ ಅಲ್ಲಿತ್ತು. ಅಂಥವನ್ನು ಬರೆದು ಜೈಲು ಸೇರಿದವರಿದ್ದರೆಂದು ಮೊರೀನ್ ಹೇಳಿದ್ದಳು. ಆದರೂ ಎರಡು ವಾರದ ಹಿಂದೆ, ಅದನ್ನು ನೋಡಿದ ದಿನವೇ, ಜ್ಯೋತ್ಸ್ನಾ ತನ್ನ ಬಾಸ್ ಗುರುಬಸವನನ್ನು ಗುಜ್ಜೆಯಾಗಿ ಬರೆದಿದ್ದಳು. ಎಳೆ ಹಲಸಿನ ಮುಳ್ಳೇ ಅವನ ಜೆಲ್ ಹಚ್ಚಿದ ಕೂದಲು; ಮೇಲೆ ದಪ್ಪ ಕನ್ನಡಕ. ಒಂದು ಪ್ರತಿ ತೆಗೆದು, ನಕ್ಕು, ಹರಿದುಹಾಕಿ, ಕಲ್ಲನ್ನು ಉಜ್ಜಿಟ್ಟಿದ್ದಳು.

ಮ್ಯಾಕ್ವೆರಿ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಅವಳು ಕೆಮಿಸ್ಟ್. ಅವಳ ಪಿಆರ್‌ಗೆ, ಈ ದೇಶದಲ್ಲಿ ಕಾಯಂ ನೆಲೆಸುವ ಪರವಾನಗಿಗೆ, ಕಂಪನಿ ಶಿಫಾರಸು ಮಾಡುವುದೂ ಬಿಡುವುದೂ ಗುರುಬಸವನ ಮಾತಿನ ಮೇಲೆ. ಈಗ ಅವನೇ ಹೆಂಡತಿ ನಿವೇದಿತಾಳ ಜೊತೆ ಎದುರಿಗೆ ನಿಂತಿದ್ದ.

"ಏನ್ರೀ ಜ್ಯೋತ್ಸ್ನಾ, ಲ್ಯಾಬಿನಾಗ ಕೈ ತೊಳ್ದು ಸಾಕಾಗಿ ಇಲ್ಲಿ ಮಸಿ ಮಾಡ್ಕೊಳಾಕ ಬಂದೀರೇನು?"

"ವೀಕೆಂಡ್ ವಾಲಂಟಿಯರ್ ಮಾಡ್ತೀನಿ, ಗುರು." ಜ್ಯೋತ್ಸ್ನಾ ತಳ್ಳುಗಾಡಿಯ ಹಿಡಿಗೆ ಕೈ ಹಾಕಿದಳು. "ಬೇರೆ ಕಲ್ಲು ತರ್ಲಾ? ಇದರ ಮೂಲೆ ಒಡೆದಿದೆ."

"ಮೂಲಿ ತಗೊಂಡು ಏನ್ ಮಾಡೂದೈತಿ, ಬಿಡ್ರಿ. ನಿವೇದಿತಾ, ನೀ ಬರಿ."

ನಿವೇದಿತಾ ದಾಸವಾಳ ಬರೆದಳು. ಮೊರೀನ್ ಅದಕ್ಕೆ ಅಂಟು, ಆಸಿಡ್ ಸವರಿ ಹದ ಮಾಡಿ ರೋಲರ್ ಎತ್ತಿಕೊಂಡಳು. ಸ್ಪಂಜಿನಿಂದ ಕಲ್ಲು ಒದ್ದೆ ಮಾಡುವುದು ಜ್ಯೋತ್ಸ್ನಾಳ ಕೆಲಸ. ನೀರಿದ್ದಲ್ಲಿ ಮಸಿ ಹತ್ತದು, ಜಿಡ್ಡಿದ್ದಲ್ಲಿ ಹತ್ತುತ್ತದೆ. ಆ ಜಿಡ್ಡು ಕಲ್ಲಿನೊಳಕ್ಕೂ ಇಳಿಯುತ್ತದೆ. ಸಾಕಷ್ಟು ಆಳಕ್ಕೆ ಉಜ್ಜದಿದ್ದರೆ ಹಳೆಯ ಚಿತ್ರ ಮತ್ತೆ ಎದ್ದು ಬರುತ್ತದೆ. ಅಂದು ಚಿತ್ರ ಕಣ್ಣಿಗೆ ಕಾಣದಾದೊಡನೆ ಅವಳು ಕೈ ನಿಲ್ಲಿಸಿದ್ದಳು. ಕಾಣದ್ದನ್ನು ಇಲ್ಲವೆಂದು ಲ್ಯಾಬಿನಲ್ಲಿ ಒಮ್ಮೆಯೂ ನಂಬಿದವಳಲ್ಲ.

ರೋಲರ್ ಒಮ್ಮೆ ಹಾಯಿತು. ದಾಸವಾಳ ಮಾತ್ರ. ಮತ್ತೊಮ್ಮೆ ಹಾಯಿತು. ಎಸಳಿನ ಪಕ್ಕ ಒಂದು ಚುಕ್ಕೆ, ಆಮೇಲೆ ಚುಕ್ಕೆಗಳ ಸಾಲು. ಮುಳ್ಳುಗಳು. ಆಸಿಡ್ ಬಾಟಲಿ ಕೈಯಳತೆಯಲ್ಲೇ ಇತ್ತು. ಕೈತಪ್ಪಿದಂತೆ ಕಲ್ಲಿನ ಮೇಲೆ ಸುರಿದರೆ ಆ ಗುಜ್ಜೆಮುಖ ಸುಟ್ಟುಹೋಗುತ್ತದೆ, ಹೂವೂ. ಅವಳ ಬೆರಳು ಬಾಟಲಿಯ ಕತ್ತಿಗೆ ತಾಗಿತು.

"ಕಾಲೇಜು ಬಿಟ್ಟ ಮೇಲೆ ನಾನು ಒಂದು ಗೆರೆಯೂ ಎಳೆದಿರ್ಲಿಲ್ಲ," ಎಂದಳು ನಿವೇದಿತಾ, ಹೂವಿನಿಂದ ಕಣ್ಣು ಕೀಳದೆ.

ಬೆರಳು ಹಿಂದೆ ಬಂತು.

ಮೊರೀನ್ ಕಾಗದ ಹಾಸಿ, ಅಚ್ಚೊತ್ತಿ, ಎತ್ತಿದಾಗ ದಾಸವಾಳದ ಹಿಂದೆ, ಬೂದಿ ಬಣ್ಣದಲ್ಲಿ, ಕನ್ನಡಕ ಹಾಕಿದ ಮುಳ್ಳುಮುಖ.

"ಇದೇನಿದು!" ಗುರುಬಸವ ಗಹಗಹಿಸಿ ನಕ್ಕ. "ಇಲ್ಲಿನ ಮುಳ್ಳುಹಂದಿ ಅಲ್ಲೇನು, ಎಕಿಡ್ನಾ? ಚಷ್ಮಾ ಬ್ಯಾರೆ! ಸೋಮವಾರ ಆಫೀಸ್ನಾಗ ಹಚ್ತೀನಿ, ತಡೀರಿ."

ಬಾಗಲಕೋಟೆಯವನು, ಕರಾವಳಿಯ ಗುಜ್ಜೆ ಕಂಡಿರಲಿಕ್ಕಿಲ್ಲ. ಆದರೆ ಆಫೀಸಿನಲ್ಲಿ ಆ ಕನ್ನಡಕವನ್ನು ಯಾರು ಗುರುತಿಸುವುದಿಲ್ಲ?

ನಿವೇದಿತಾ ನಗಲಿಲ್ಲ. ಕಾಗದ ನೋಡಿದಳು, ಗಂಡನ ತಲೆ ನೋಡಿದಳು, ಕೊನೆಗೆ ಜ್ಯೋತ್ಸ್ನಾಳ ಕೈಯಲ್ಲಿ ತೊಟ್ಟಿಕ್ಕುತ್ತಿದ್ದ ಸ್ಪಂಜನ್ನು ನೋಡಿದಳು. ಆಮೇಲೆ ಮೆಲ್ಲನೆ, ತುಳುವಿನಲ್ಲಿ, "ಈರೆನ ಊರು ಒಲ್ಪ?" ಎಂದು ಊರು ಕೇಳಿದಳು.

"ಕಾರ್ಕಳ." ಸುಳ್ಳು ಹೊಳೆಯುವ ಮುಂಚೆ ಬಾಯಿಂದ ಬಿದ್ದುಹೋಗಿತ್ತು.

"ನಂದು ಪುತ್ತೂರು." ನಿವೇದಿತಾ ಕಾಗದವನ್ನು ನಿಧಾನ ಸುತ್ತಿದಳು. "ಆಫೀಸಿಗೆಲ್ಲ ಬೇಡ. ಇದು ನಮ್ಮ ಅಡುಗೆಮನೆಯಲ್ಲಿ ಇರ್ಲಿ."

"ಹಂಗಾದ್ರ ಹಂಗ. ಜ್ಯೋತ್ಸ್ನಾ, ಸೋಮವಾರ ನಿಮ್ಮ ಪಿಆರ್ ಮಾತಾಡೂಣು."

ಇಬ್ಬರೂ ಹೊರಟರು. ಬಾಗಿಲ ಹತ್ತಿರ ನಿವೇದಿತಾ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಗುರುಬಸವ ನಿಂತ. ಅವನ ಕೈ ಮೇಲೆದ್ದು ಕೂದಲ ಮುಳ್ಳುಗಳನ್ನು ಒಮ್ಮೆ ಮುಟ್ಟಿತು. ಆಮೇಲೆ ಅವನು ತಿರುಗಿ ನೋಡಿದ.