ಭುಜಕ್ಕೊಂದು ಸೈಜು, ಹೊಟ್ಟೆಗೊಂದು

ಅಂಗಿಯ ಗುಂಡಿ ಹಾರಿ ಅಜ್ಜಿಯ ನೀರಿನ ಲೋಟಕ್ಕೆ ಬಿತ್ತು.

“ಉಸಿರು ಬಿಡಬೇಡ ಅಂದ್ನಲ್ಲೇ!” ಎಂದು ತಾಯಿ ಕೂಗಿದಳು.

“ಎಷ್ಟೊತ್ತು ಅಂತ ಹಿಡ್ಕೊಳ್ಲಿ? ಸ್ಕೂಲಲ್ಲಿ ಇಡೀ ದಿನ ಉಸಿರಾಡದೆ ಕೂರ್ಲಾ?” ಎಂದಳು ಮಗಳು.

ಮಾತು ನ್ಯಾಯವಾಗಿಯೇ ಇತ್ತು. ಅಜ್ಜಿ ಲೋಟದೊಳಗೆ ಬೆರಳು ಹಾಕಿ ಗುಂಡಿಯನ್ನು ಎತ್ತಿ, ಸೆರಗಿನಿಂದ ಒರೆಸಿ, ಸೊಸೆಯ ಕೈಗೆ ಕೊಟ್ಟಳು. ಸೊಸೆಗೆ ಆ ಕ್ಷಣಕ್ಕೆ ಹೊಳೆದದ್ದು ಒಂದೇ, ಈ ಅಂಗಿಯನ್ನು ಇನ್ನು ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬುದು.

ಈಕೆ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಚೆಕಿಂಗ್ ಟೇಬಲ್ಲಿನವಳು. ಹೊಲಿದು ಬಂದ ಅಂಗಿಗಳನ್ನು ಮೇಜಿನ ಮೇಲೆ ಹರಡಿ, ಟೇಪು ಹಿಡಿದು, ಅಳತೆಗೆ ಕೂತವನ್ನು ಮುಂದಕ್ಕೆ, ಕೂರದವನ್ನು ಹಿಂದಕ್ಕೆ ತಳ್ಳುವುದು ಅವಳ ಕೆಲಸ. ಕೊರಳಲ್ಲಿ ಯಾವಾಗಲೂ ಟೇಪು ನೇತಾಡುತ್ತಿದ್ದುದರಿಂದ ಅಲ್ಲಿ ಅವಳಿಗೆ ಟೇಪಕ್ಕ ಎಂದೇ ಹೆಸರು. ದಿನವಿಡೀ ಯಾರ ಯಾರದೋ ಮಕ್ಕಳ ಅಂಗಿಗಳು ಅವಳ ಕೈಮೇಲೆ ಹಾದುಹೋಗುತ್ತಿದ್ದವು. ತನ್ನ ಮಗಳಿಗೆ ಆಗುವಂಥದ್ದು ಅವುಗಳಲ್ಲಿ ಒಂದೂ ಇರಲಿಲ್ಲ, ನೋಡಿ!

ಒಂದು ಕಾಲಕ್ಕೆ ಆ ಹುಡುಗಿಯನ್ನು ಮನೆಯಲ್ಲಿ ಕಡ್ಡಿ ಎಂದು ಕರೆಯುತ್ತಿದ್ದರು. ಕಿಡ್ನಿ ತೊಂದರೆ ಬಂದು ಆಸ್ಪತ್ರೆ ಸೇರಿದ ಮೇಲೆ ಆ ಹೆಸರು ತಾನಾಗಿಯೇ ಬಿದ್ದುಹೋಯಿತು. ಜೀವ ಉಳಿಸಿದ ಮಾತ್ರೆಯೇ ಮುಖವನ್ನೂ ಹೊಟ್ಟೆಯನ್ನೂ ಊದಿಸಿತು. ಕೈಕಾಲು ಮೊದಲಿನ ಹಾಗೆ ಸಣ್ಣಗೇ ಉಳಿದವು. “ಮಾತ್ರೆ ಕಡಿಮೆ ಮಾಡ್ತಾ ಬಂದ್ರೆ ಇದೂ ಇಳಿಯುತ್ತೆ, ಈಗ ಸ್ಕೂಲಿಗೆ ಕಳಿಸಿ” ಎಂದಿದ್ದರು ಡಾಕ್ಟರು. ಯಾವಾಗ ಇಳಿಯುತ್ತದೆ ಎಂದರೆ ಅವರೂ ಮೇಲೆ ನೋಡಿದ್ದರು. ಸೋಮವಾರದಿಂದಾದರೂ ಬರದಿದ್ದರೆ ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕಾಗುತ್ತದೆ ಎಂದು ಶಾಲೆಯವರು ಹೇಳಿಕಳಿಸಿದ್ದರು.

ವರ್ಷ ಹೋದರೆ ಹಾಳಾಗಿಹೋಗಲಿ, ಟೇಪಕ್ಕನಿಗೆ ಅದರ ಚಿಂತೆಯಿರಲಿಲ್ಲ. ಅವಳ ಹೆದರಿಕೆ ಬೇರೆ. ಆಸ್ಪತ್ರೆಯಿಂದ ಬಂದ ಮೇಲೆ ಮಗಳು ಒಂದು ದಿನವೂ ಹೊಸ್ತಿಲು ದಾಟಿರಲಿಲ್ಲ. ಗೆಳತಿಯರು ಬಂದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಕನ್ನಡಿಗೆ ಟವೆಲ್ ಹೊದಿಸಿದ್ದಳು. ಹೀಗೇ ಬಿಟ್ಟರೆ ಈ ಮಗು ಮನೆಯೊಳಗೇ ಮುರುಟಿಹೋಗುತ್ತದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಕಾಡಿ, ಬೇಡಿ, ಗದರಿಸಿ, ಅತ್ತೂ ಆದ ಮೇಲೆ ಮಗಳು ಕೊನೆಗೆ ಒಂದು ಮಾತು ಕೊಟ್ಟಿದ್ದಳು: “ನಂಗೆ ಸರಿಯಾಗಿ ಕೂರೋ ಯೂನಿಫಾರಂ ಸಿಕ್ಕಿದ್ರೆ ಹೋಗ್ತೀನಿ. ಬಿಗಿಯಾಗಿರೋದು ಬೇಡ, ದೊಗಳೆನೂ ಬೇಡ. ನೋಡಿದೋರು ಇನ್ನೊಂದ್ಸಲ ತಿರುಗಿ ನೋಡಬಾರ್ದು.”

ಸ್ಕರ್ಟಿಗೆ ಎಲಾಸ್ಟಿಕ್ ಇತ್ತು, ಅದು ಹೇಗೋ ದಾರಿಗೆ ಬಂತು. ನೀಲಿ ಅಂಗಿಯದೇ ರಾಮಾಯಣ. ಮೂವತ್ತರ ಸೈಜು ಭುಜಕ್ಕೆ ಹೇಳಿ ಹೊಲಿಸಿದಂತೆ ಕೂತು ಹೊಟ್ಟೆಯ ಹತ್ತಿರ ಬಾಯಿ ಬಿಡುತ್ತಿತ್ತು. ಮೂವತ್ತನಾಲ್ಕರ ಗುಂಡಿಗಳೆಲ್ಲ ಬಿದ್ದರೂ ಅದರ ಭುಜ ಮೊಣಕೈ ಹತ್ತಿರ ಜೋಲುತ್ತಿತ್ತು, ಕತ್ತಿನೊಳಗೆ ಇನ್ನೊಂದು ಕತ್ತು ಹಿಡಿಸುತ್ತಿತ್ತು. ಆ ಶಾಲೆಯಲ್ಲಿ ಅಂಗಿಯನ್ನು ಸ್ಕರ್ಟಿನೊಳಗೆ ಸೇರಿಸಲೇಬೇಕು. ಸೇರಿಸಿದರೆ ಸೊಂಟದ ಸುತ್ತ ಮೂಟೆ ಕಟ್ಟಿದ ಹಾಗೆ ಕಾಣುತ್ತಿತ್ತು. ಮಧ್ಯದ ಮೂವತ್ತೆರಡಕ್ಕೆ ಎರಡೂ ರೋಗ.

ಟೇಪಕ್ಕ ಅದೇ ಬಣ್ಣದ ದಾರ ಹುಡುಕಿ ಹಾರಿದ ಗುಂಡಿ ಹೊಲಿದು, ಆ ಮೂವತ್ತರ ಅಂಗಿಯನ್ನು ಕಾರ್ಖಾನೆಯ ಮಡಿಕೆಯಲ್ಲೇ ಮಡಚಿ, ಅಂಗಡಿಗೆ ಒಯ್ದಳು. ಅಂಗಡಿಯವನು ಅದನ್ನು ಬಿಚ್ಚಿ ನೋಡುವಷ್ಟು ಹೊತ್ತೂ ಅವಳು ಆ ಗುಂಡಿಯಿಂದ ಕಣ್ಣು ತೆಗೆಯಲಿಲ್ಲ. ಅವನು ಗುಂಡಿಯ ಕಡೆ ನೋಡಲೇ ಇಲ್ಲ. ಅವಳನ್ನು ನೋಡಿದ.

“ಅಕ್ಕಾ, ನಮ್ಮ ಅಂಗಡಿಗೂ ನಿಮ್ಮ ಮನೆಗೂ ಒಂದು ಬಸ್ಸು ಬಿಡಿಸಿಬಿಡಿ. ಮಗೂನೇ ಒಂದ್ಸಲ ಕರ್ಕೊಂಡು ಬರಬಾರ್ದಾ?”

“ಅವಳು ಬರಲ್ಲಪ್ಪ.”

“ಬರದಿದ್ರೆ ನಾನೇನು ಮಾಡ್ಲಿ ಹೇಳಿ. ಭುಜಕ್ಕೊಂದು ಸೈಜು, ಹೊಟ್ಟೆಗೊಂದು ಸೈಜು ಅಂತ ಯಾವ ಕಂಪನಿಯೋನೂ ಹೊಲಿಯಲ್ಲ.”

ಅದು ಟೇಪಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಗಿಯ ಬದಲಿಗೆ ಅದೇ ನೀಲಿ ಬಟ್ಟೆಯ ತುಂಡು ಕೇಳಿದಳು. ಕಟ್ಟಿನಲ್ಲಿ ಉಳಿದಿದ್ದೇ ಅಷ್ಟು ಎಂದು ಅವನು ಕೊಟ್ಟ ತುಂಡನ್ನು ಹಿಡಿದು ಸೀದಾ ಮೂಲೆಯ ಟೈಲರ್ ಹತ್ತಿರ ಹೋದಳು. ಅವನೂ ಅದೇ ಹಾಡು ಹಾಡಿದ. “ಹುಡುಗೀನ ಕರ್ಕೊಂಡು ಬಾರಮ್ಮ, ಐದು ನಿಮಿಷದ ಕೆಲಸ.”

“ನಾಳೆ ಅಳತೆ ನಾನೇ ತಂದುಕೊಡ್ತೀನಿ, ಹೊಲಿ ನೀನು.”

“ತಪ್ಪಾದ್ರೆ ನನ್ನನ್ನ ಬೈಬಾರ್ದು ಮತ್ತೆ. ಭಾನುವಾರ ಬೆಳಿಗ್ಗೆ ಕೊಟ್ಟು ಬೀಗ ಹಾಕ್ಕೊಂಡು ಹೊರಟೆ ಅಂದ್ರೆ ನಾನು ಬರೋದು ಬುಧವಾರಾನೇ.”

“ಅಳತೆ ವಿಷಯ ನಂಗೆ ಹೇಳ್ಬೇಡಣ್ಣ. ಅದ್ರಲ್ಲೇ ಅನ್ನ ತಿಂತಿರೋಳು ನಾನು” ಎಂದಳು ಟೇಪಕ್ಕ, ಸ್ವಲ್ಪ ಜಂಬದಿಂದಲೇ.

ಆದರೆ ಅಳತೆ ತೆಗೆಯುವುದೇ ಕಷ್ಟವಿತ್ತು. ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ನರ್ಸ್ ಬಂದು ಮಗಳ ಹೊಟ್ಟೆಗೆ ಟೇಪು ಸುತ್ತಿ, ವಾರ್ಡಿಗೆಲ್ಲ ಕೇಳುವ ಹಾಗೆ ಅಂಕಿ ಕೂಗುತ್ತಿದ್ದಳು. ಇವತ್ತು ಹೆಚ್ಚಾಗಿದೆ ಎಂದರೆ ಆ ದಿನ ಕುಡಿಯುವ ನೀರಿಗೂ ಲೆಕ್ಕ. ಅಂದಿನಿಂದ ಟೇಪು ಕಂಡರೆ ಮಗಳು ಕಿರುಚಿಕೊಂಡು ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಟೇಪಕ್ಕ ಮನೆಗೆ ಬರುವಾಗ ಕೊರಳಿನದನ್ನು ತೆಗೆದು ಚೀಲದ ತಳಕ್ಕೆ ತುರುಕುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಶನಿವಾರ ಅರ್ಧ ದಿನದ ಕೆಲಸ. ಮನೆಗೆ ಬಂದಾಗ ಮಗಳು ಮಾತ್ರೆಯ ಮಂಪರಿನಲ್ಲಿ ಅಂಗಾತ ಮಲಗಿದ್ದಳು. ಇದೇ ಸಮಯ ಎಂದುಕೊಂಡು ಟೇಪಕ್ಕ ಕಳ್ಳಿಯ ಹಾಗೆ ಹತ್ತಿರ ಕೂತಳು. ಭುಜ, ತೋಳು, ಉದ್ದ ಎಲ್ಲ ಸಿಕ್ಕಿತು. ಹೊಟ್ಟೆಗೆ ಬಂದಾಗ ಬೆನ್ನಿನ ಕೆಳಗೆ ಟೇಪು ತೂರಿಸಿದರೆ ಎದ್ದುಬಿಟ್ಟಾಳು ಎಂದು, ಮೈಗೆ ತಾಗಿಸದೆ, ಮೇಲೆ ಗಾಳಿಯಲ್ಲೇ ನೇರವಾಗಿ ಹಿಡಿದು, ಈ ಪಕ್ಕದಿಂದ ಆ ಪಕ್ಕಕ್ಕೆ ಎಷ್ಟು ಎಂದು ನೋಡಿದಳು. ನೋಡಿ ಎರಡರಷ್ಟು ಮಾಡಿಕೊಂಡಳು. ಬಾಗಿಲ ಹತ್ತಿರ ಕೂತಿದ್ದ ಅಜ್ಜಿ, “ಆಯ್ತಾ?” ಎಂದು ಕಣ್ಣಲ್ಲೇ ಕೇಳಿದಳು. “ಆಯ್ತು ಅತ್ತೆ” ಎಂದು ಪಿಸುಗುಟ್ಟುವಾಗ ಟೇಪಕ್ಕನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಬಂದಿತ್ತು. ಆಗಿಂದಾಗಲೇ ಓಡಿಹೋಗಿ ಟೈಲರ್‌ಗೆ ಅಳತೆ ಹೇಳಿ ಬಂದಳು.

ಭಾನುವಾರ ಮಧ್ಯಾಹ್ನ ಇಸ್ತ್ರಿಯ ಬಿಸಿ ಆರದ ಅಂಗಿಯನ್ನು ಮಗಳು ತೊಟ್ಟಳು. ಭುಜ ಕೂತಿತು. ತೋಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಮಗಳು ಮೊದಲ ಗುಂಡಿ ಹಾಕಿದಳು, ಎರಡನೆಯದು ಹಾಕಿದಳು, ಕನ್ನಡಿಯ ಮೇಲಿನ ಟವೆಲ್ ಕಡೆ ಒಮ್ಮೆ ನೋಡಿದಳು. ಮೂರನೆಯದು ಬರಲಿಲ್ಲ. ಎರಡು ಅಂಚುಗಳ ನಡುವೆ ಬನಿಯನ್ ಬೆಳ್ಳಗೆ ಕಾಣುತ್ತಿತ್ತು. ಅಂಗಡಿಯ ಮೂವತ್ತರಲ್ಲಿ ಉಸಿರು ಹಿಡಿದಾದರೂ ಗುಂಡಿ ಬಿದ್ದಿತ್ತು, ಇದರಲ್ಲಿ ಹಿಡಿದರೂ ಬೀಳಲಿಲ್ಲ.

ಟೇಪಕ್ಕ ಎರಡು ಅಂಚುಗಳನ್ನೂ ಹಿಡಿದು ಎಳೆದು ನೋಡಿದಳು. ಎಲ್ಲಿ ಎಡವಿದ್ದು ಎಂದು ನಿಂತ ಕಾಲಲ್ಲೇ ಹೊಳೆಯಿತು. ಟೇಬಲ್ಲಿನ ಮೇಲೆ ಅಂಗಿಯನ್ನು ಅಳೆಯುವುದು ಹಾಗೆಯೇ, ಚಪ್ಪಟೆಯಾಗಿ ಹರಡಿ, ಒಂದು ಮಗ್ಗುಲಿನ ಅಗಲ ಹಿಡಿದು, ಅದನ್ನು ಎರಡರಷ್ಟು ಮಾಡುವುದು. ಅಂಗಿಗೆ ಹೊಟ್ಟೆ ಇರುವುದಿಲ್ಲ. ತನ್ನ ಹೆತ್ತ ಮಗಳನ್ನು ಬಟ್ಟೆಯ ಹಾಗೆ ಅಳೆದುಬಂದಿದ್ದಳು ಅವಳು. ಸಿಟ್ಟು ಬಂದದ್ದು ತನ್ನ ಮೇಲೆ, ಹೊರಬಿದ್ದದ್ದು ಮಾತ್ರ ಬೇರೆ ಕಡೆಗೆ.

“ಆ ಟೇಪು ಮುಟ್ಟಿಸ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ? ಊರೆಲ್ಲ ಅಲೆದೆ, ಕಂಡಕಂಡೋರ ಕಾಲು ಹಿಡಿದೆ. ನಿಂಗೆ ಅಂತ ಈ ಲೋಕದಲ್ಲಿ ಒಂದು ಸೈಜೂ ಇಲ್ಲ ಕಣೇ!”

ಅಜ್ಜಿ ದಡಬಡಿಸಿ ಎದ್ದಳು. “ಬಾಯಿಗೆ ಬಂದಿದ್ದೆಲ್ಲ ಆಡ್ತಾರೇನೇ ಮಕ್ಕಳ ಹತ್ರ? ನಿಂಗೇನು ಬಂತು?”

ಮಗಳು ಅಳಲಿಲ್ಲ. ಹಾಕಿದ್ದ ಎರಡು ಗುಂಡಿಗಳನ್ನು ನಿಧಾನವಾಗಿ ಬಿಚ್ಚಿದಳು. “ಹಂಗಾದ್ರೆ ನಾನು ಮನೇಲೇ ಇರ್ತೀನಿ ಬಿಡಮ್ಮ” ಎಂದಳು. ಅಂಗಿಯನ್ನು ಮಡಚಿ ತಾಯಿಯ ಮುಂದಿಟ್ಟು ಒಳಕೋಣೆಗೆ ಹೋದಳು.

ಟೇಪಕ್ಕ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತಳು. ಆಡಿದ ಮಾತನ್ನು ವಾಪಸ್ ನುಂಗುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು! ಟೈಲರ್ ಬೀಗ ಹಾಕಿಕೊಂಡು ಹೋಗಿದ್ದ. ಒಂದು ಚೂರು ನೀಲಿ ಬಟ್ಟೆ ಉಳಿದಿರಲಿಲ್ಲ. ಅತ್ತರೆ ಒಳಗೆ ಕೇಳುತ್ತದೆ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಪಕ್ಕದಲ್ಲಿ ಕೂತ ಅಜ್ಜಿ ಅವಳ ಬೆನ್ನು ನೀವುತ್ತ, “ಸಾಕು ಸುಮ್ನಿರು, ಸುಮ್ನಿರು” ಎನ್ನುತ್ತಿದ್ದಳು.

ಬೆಳಕು ಇಳಿಯುವ ಹೊತ್ತಿಗೆ ಮಗಳು ತಾನೇ ಹೊರಗೆ ಬಂದಳು. ಕೈಯಲ್ಲಿ ದಿಂಬಿತ್ತು. ಅದರ ಕವರಿನೊಳಗೆ ಕೈ ಹಾಕಿ ಒಂದು ಅಂಗಿ ಎಳೆದಳು. ಹೋದ ವರ್ಷದ ಯೂನಿಫಾರಂ, ಒಗೆದು ಒಗೆದು ಬಣ್ಣ ಬಿಟ್ಟದ್ದು. ಅದು ಕಳೆದುಹೋಯಿತು ಎಂದೇ ಟೇಪಕ್ಕ ತಿಳಿದಿದ್ದಳು.

“ಇದನ್ನ ಕತ್ತರಿಸಿ ಅದಕ್ಕೆ ಸೇರ್ಸಕ್ಕಾಗತ್ತಾ?”

“ಇದನ್ನ ಯಾಕೇ ಇಲ್ಲಿಟ್ಟಿದ್ದೆ?”

“ಹೊಟ್ಟೆ ಇಳಿದ್ಮೇಲೆ ಹಾಕ್ಕೊಳೋಣ ಅಂತ.” ಅಂಗಿಯನ್ನು ತಾಯಿಯ ತೊಡೆಯ ಮೇಲಿಟ್ಟು ಹೇಳಿದಳು, “ಕತ್ತರಿಸಮ್ಮ. ಪರ್ವಾಗಿಲ್ಲ.”

ಟೇಪಕ್ಕನ ಕೈಗೆ ಕತ್ತರಿ ಭಾರವಾಯಿತು. ಆ ಅಂಗಿಯಿಂದ ಎರಡು ಪಟ್ಟಿ ತೆಗೆದು, ಹೊಸ ಅಂಗಿಯ ಪಕ್ಕದ ಹೊಲಿಗೆ ಬಿಚ್ಚಿ, ಕಂಕುಳಿಂದ ಅಂಚಿನವರೆಗೆ ಎರಡೂ ಕಡೆ ಕೂರಿಸಿದಳು. ಬದುಕಿಡೀ ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕಿದವಳು ಸೂಜಿ ಹಿಡಿದಾಗ ಹೊಲಿಗೆ ಹಾವಿನ ಹಾಗೆ ಅಂಕುಡೊಂಕಾಗಿ ಹರಿಯಿತು. ಟೇಬಲ್ಲಿನ ಮೇಲೆ ಬಂದಿದ್ದರೆ ಎರಡನೇ ಸಲ ನೋಡದೆ ಹಿಂದಕ್ಕೆ ತಳ್ಳುತ್ತಿದ್ದಳು. ಆದರೂ ಗುಂಡಿಗಳೆಲ್ಲ ಬಿದ್ದವು. ಮುಂದಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ತೋಳು ಕೆಳಗಿದ್ದರೆ ಪಟ್ಟಿ ಮರೆಯಾಗುತ್ತಿತ್ತು, ಎತ್ತಿದರೆ ಕಂಕುಳಿಂದ ಸೊಂಟದವರೆಗೆ ಮಾಸಿದ ಬಣ್ಣ ಹೊಡೆದು ಕಾಣುತ್ತಿತ್ತು.

“ಕೈ ಒಂದು ಎತ್ತಬೇಡ ನನ್ನವ್ವ” ಎಂದು ಸೋಮವಾರ ಬೆಳಿಗ್ಗೆ ದಾರಿಯುದ್ದಕ್ಕೂ ಹೇಳುತ್ತಲೇ ಬಂದಳು ಟೇಪಕ್ಕ. ಮಗಳು ಅವಳ ಸೆರಗು ಬಿಟ್ಟಿರಲಿಲ್ಲ. ಶಾಲೆಯ ಗೇಟಿನಲ್ಲಿ ಬಿಟ್ಟಳು. ಬಿಟ್ಟು, ಹಿಂದೆ ತಿರುಗದೆ ಅಂಗಳಕ್ಕೆ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಮುಂದಿನ ಹುಡುಗಿ ತಿರುಗಿ ನೋಡಿ ಏನೋ ಕೇಳಿದಳು, ಇವಳು ಏನೋ ಹೇಳಿದಳು, ಆ ಹುಡುಗಿ ನಕ್ಕು ಮುಂದೆ ತಿರುಗಿದಳು. ಎಂಥ ನಗು ಅದು? ಟೇಪಕ್ಕ ಗೇಟಿನ ಪಕ್ಕದ ಸರಳಿಗೆ ಮುಖ ಒತ್ತಿ ನೋಡಿದಳು, ತಿಳಿಯಲಿಲ್ಲ.

“ಹೊರಡಮ್ಮ, ಗೇಟ್ ಹಾಕ್ಬೇಕು” ಎಂದ ಕಾವಲಿನವನು.

“ಹಾಕ್ಕೊಳಣ್ಣ. ನಾನು ಹೊರಗೇ ಇರ್ತೀನಿ.”

ವ್ಯಾಯಾಮದ ಮಾಸ್ತರು ಸೀಟಿ ಊದಿದರು. “ಎಲ್ಲರೂ ಎರಡೂ ಕೈ ಮೇಲೆ!”

ಅಂಗಳದ ತುಂಬ ಕೈಗಳು ಎದ್ದವು. ಸಾಲಿನ ಕೊನೆಯಲ್ಲಿ ಒಬ್ಬಳೇ ಒಬ್ಬಳು ತೋಳುಗಳನ್ನು ಪಕ್ಕಕ್ಕೆ ಬಿಗಿದು ನಿಂತಿದ್ದಳು. ಅಷ್ಟು ಕೈಗಳ ನಡುವೆ ಅವಳೊಬ್ಬಳೇ ಎದ್ದು ಕಾಣುತ್ತಿದ್ದಳು. ಅಯ್ಯೋ ದೇವರೇ, ಎತ್ತಬೇಡ ಎಂದು ಹೇಳಿಕೊಟ್ಟವಳು ತಾನೇ! ಪಕ್ಕದ ಸಾಲಿನವರು ತಿರುಗತೊಡಗಿದರು. ಮಾಸ್ತರು ಇನ್ನೊಮ್ಮೆ ಸೀಟಿ ಊದಿದರು. ಮಗಳು ಮೆಲ್ಲಗೆ ಕತ್ತು ಹೊರಳಿಸಿ ಗೇಟಿನ ಕಡೆ ನೋಡಿದಳು. ಏನು ಮಾಡಲಿ ಎಂದು ಆ ಊದಿದ ಮುಖದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಟೇಪಕ್ಕನಿಗೂ ಗೊತ್ತಿರಲಿಲ್ಲ. ಆದರೂ ತಲೆ ಆಡಿಸಿದಳು, ಎತ್ತು ಎಂದು.

ಮಗಳು ಕೈ ಎತ್ತಿದಳು. ಎರಡನ್ನೂ, ಕಿವಿಗೆ ತಾಗುವ ಹಾಗೆ ನೆಟ್ಟಗೆ ಎತ್ತಿದಳು. ಮಾಸಿದ ಎರಡು ಪಟ್ಟಿಗಳೂ ಬೆಳಗಿನ ಬಿಸಿಲಿಗೆ ಬಿದ್ದವು. ಹಿಂದೆ ಯಾರೂ ಇರಲಿಲ್ಲ, ಪಕ್ಕದವರು ಮಾತ್ರ ನೋಡಿದರು. ಅವರಲ್ಲೊಬ್ಬಳು ಇನ್ನೊಬ್ಬಳ ಕಿವಿಗೆ ಬಾಗಿದಳು.

“ಕೆಳಗೆ!” ಎಂದರು ಮಾಸ್ತರು.

ಎಲ್ಲರ ಕೈಗಳೂ ಇಳಿದವು. ಅವಳವು ಇನ್ನೂ ಮೇಲೇ ಇದ್ದವು. ಈ ಸಲ ಅವಳು ಗೇಟಿನ ಕಡೆ ನೋಡಲಿಲ್ಲ.