ಪರದೆಯಕ್ಕನ ಬಿಸಿಲಂಗಿ

ಗಾಳ ಹಾಕಿ ಒಂದು ಮೀನನ್ನೂ ಹಿಡಿಯದವರು, ಗುಡ್ಡ ಕಂಡರೆ ಬುಡದಲ್ಲೇ ನೆರಳು ಹುಡುಕಿ ಕೂರುವವರು ಇಂಥ ಕಥೆ ಹೇಳಲು ಹೊರಡಬಾರದು. ಆದರೂ ಹೊರಟಾಗಿದೆ, ಅದಕ್ಕೆ ಮೊದಲೇ ಕ್ಷಮೆ ಇರಲಿ. ಮೀನಿನ ವಿಷಯದಲ್ಲೋ ಬಟ್ಟೆಯ ವಿಷಯದಲ್ಲೋ ತಪ್ಪು ಕಂಡರೆ ಅದು ಹೇಳಿದವರದು, ಪರದೆಯಕ್ಕನದಲ್ಲ.

ಪರದೆಯಕ್ಕ ಕಿಟಕಿ ಪರದೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಬಿಸ್ಕತ್ತಿನ ಡಬ್ಬಿಗಳ ತುಂಬ ಪರದೆ ತೂಗುಹಾಕುವ ಕೊಕ್ಕೆ ಮತ್ತು ಬಳೆ, ಕೂರಿ ಅಂತ ಯಾರೂ ಹೇಳದ ನೆಂಟರ ಹಾಗೆ ಮೂಲೆಯಲ್ಲಿ ನಿಂತ ಬಟ್ಟೆಯ ಸುರುಳಿಗಳು. ಬೇರೆಯವರ ಮನೆಗೆ ಬಿಸಿಲು ಬಾರದ ಹಾಗೆ ನೋಡಿಕೊಳ್ಳುವುದೇ ಅವಳ ಹೊಟ್ಟೆಪಾಡು. ಅವಳ ಸುಖ ಮಾತ್ರ ಬಿಸಿಲಿನಲ್ಲೇ ಇತ್ತು. ರಜೆ ಸಿಕ್ಕರೆ ಸಾಕು, ಬಸ್ ಕಂಡಕ್ಟರ್ ಆಗಿದ್ದ ನಾದಿನಿಯ ಜೊತೆ ಮೊದಲ ಬಸ್ಸು ಹಿಡಿದು, ಊರಾಚೆಯ ಬೋಳು ಗುಡ್ಡ ಹತ್ತಿ, ಮೇಲಿನ ಕೆರೆಗೆ ಗಾಳ ಹಾಕಿ ಕೂರುತ್ತಿದ್ದಳು. ಎಷ್ಟು ಬೇಗ ಹೊರಟರೂ ಕೆರೆ ಮುಟ್ಟುವಷ್ಟರಲ್ಲಿ ಸೂರ್ಯ ಮೇಲೆ ಬಂದಿರುತ್ತಿದ್ದ, ಇಳಿಯುವಾಗ ನೆತ್ತಿಯ ಮೇಲೇ ಇರುತ್ತಿದ್ದ. ಅವಳಿಗೆ ಅದರ ಚಿಂತೆಯಿರಲಿಲ್ಲ. ಅಲ್ಲಿ ಅಳೆಯಲು ಒಂದು ಕಿಟಕಿಯೂ ಇರಲಿಲ್ಲವಲ್ಲ, ಅದೇ ಸಾಕಾಗಿತ್ತು.

ಹೀಗಿರುವಾಗ ಅವಳ ಕಿವಿಯ ಕೆಳಗೆ, ಕುತ್ತಿಗೆಯ ಮಗ್ಗುಲಲ್ಲಿ ಒಂದು ಮಚ್ಚೆ ಎದ್ದಿತು. ಚರ್ಮದ ಡಾಕ್ಟರು ಅದನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ವರದಿ ನೋಡಿ, ಕ್ಯಾನ್ಸರೇ, ಆದರೆ ಪೂರ್ತಿ ಕಿತ್ತು ಬಂದಿದೆ, ಇನ್ನು ಮುಂದೆ ಚರ್ಮಕ್ಕೆ ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ ಎಂದರು.

ಅವಳ ಗಂಡ ಗಡಿಯಾರ ರಿಪೇರಿ ಮಾಡುವವನು. ಕೂದಲೆಳೆಯಷ್ಟು ತಪ್ಪು ಕಂಡರೂ ಇಡೀ ಗಡಿಯಾರ ಬಿಚ್ಚಿಹಾಕುವ ಸ್ವಭಾವ. ಆಸ್ಪತ್ರೆಯಿಂದ ಬರುವ ದಾರಿಯಲ್ಲೇ ಶುರುವಿಟ್ಟ.

"ಕೇಳಿಸ್ಕೊಂಡೆ ತಾನೇ? ಬಿಸಿಲು ಬೇಡ ಅಂದ್ರು."

"ಚರ್ಮದ ಮೇಲೆ ಬಿಸಿಲು ಬೀಳೋದು ಬೇಡ ಅಂದ್ರು. ನಾನು ಬಿಸಿಲಿಗೆ ಹೋಗೋದು ಬೇಡ ಅನ್ನಲಿಲ್ಲ."

"ಎರಡೂ ಒಂದೇ."

"ಒಂದೇ ಹೇಗಾಗುತ್ರೀ? ಮಧ್ಯದಲ್ಲಿ ಬಟ್ಟೆ ಇದೆ."

ಆ ಮಾತು ಹೇಳಿದ ಮೇಲೆ ಅವಳಿಗೆ ಹಿಂದೆ ಸರಿಯುವ ದಾರಿ ಇರಲಿಲ್ಲ. ಗಾಯ ಮಾಗಿದ್ದೇ ತಡ, ಮೂಲೆಯ ಸುರುಳಿಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಎಳೆದಳು. ಹೋಟೆಲ್ ರೂಮುಗಳಿಗೆ ಹಾಕುವ ಕಪ್ಪು ಬ್ಲ್ಯಾಕ್‌ಔಟ್ ಬಟ್ಟೆ, ನಡುಹಗಲಲ್ಲೂ ಕೋಣೆಯನ್ನು ಕತ್ತಲು ಮಾಡುವಂಥದ್ದು, ಹಿಂಬದಿಗೆ ರಬ್ಬರಿನಂಥ ಲೇಪ. ಇಷ್ಟು ವರ್ಷ ಗಿರಾಕಿಗಳಿಗೆ "ಇದರಲ್ಲಿ ಒಂದು ಎಳೆ ಬೆಳಕೂ ಬರಲ್ಲ" ಅಂತ ತಾನೇ ಭರವಸೆ ಕೊಟ್ಟವಳು. ಈಗ ಅದರಲ್ಲೇ ತನಗೊಂದು ಉದ್ದ ತೋಳಿನ ಅಂಗಿ ಹೊಲಿದುಕೊಂಡಳು. ಕಿವಿಯವರೆಗೂ ಏರುವ ಕಾಲರು, ಮಣಿಕಟ್ಟಿಗೆ ಬಿಗಿ ಗುಂಡಿ, ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ. ತೊಟ್ಟು ಹೊರಟರೆ ಯಾವುದೋ ಕಿಟಕಿ ಎದ್ದು ನಡೆಯುತ್ತಿದ್ದ ಹಾಗಿತ್ತು.

ನಾದಿನಿ ಬಸ್ ನಿಲ್ದಾಣದಲ್ಲಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಅತ್ತಿಗೆ, ಒಳಗೆ ನೀವೇ ಇದ್ದೀರಾ, ಇಲ್ಲ ಮಂಚ ಕುರ್ಚಿ ಏನಾದ್ರೂ ಇದೆಯಾ?"

"ಟಿಕೆಟ್ ಟಿಕೆಟ್ ಅನ್ನೋ ಬಾಯಲ್ಲಿ ಜಾಸ್ತಿ ಮಾತು ಬೇಡ ಕಂಡಕ್ಟ್ರಮ್ಮ. ನಡಿ."

ಗುಡ್ಡದ ಅರ್ಧ ದಾರಿಯವರೆಗೂ ಅವಳೇ ಮುಂದಿದ್ದಳು. ಆಮೇಲೆ ಬೆವರು ಹೊರಬರಲು ದಾರಿಯಿಲ್ಲದೆ ಅಂಗಿಯೊಳಗೇ ಹರಿಯತೊಡಗಿತು. ಉಸಿರು ಬಿಸಿಯಾಯಿತು, ಕಾಲಡಿಯ ಕಲ್ಲುಗಳು ಜಾಗ ಬದಲಿಸಿದಂತೆ ಕಂಡವು. ಅವಳು ಆದರೂ ನಿಲ್ಲಲಿಲ್ಲ. ನಿಂತರೆ ಗಂಡ ಗೆದ್ದ ಹಾಗಲ್ಲವೇ? ಇನ್ನೊಂದು ತಿರುವು ದಾಟಿ, ಬಂಡೆಯೊಂದಕ್ಕೆ ಒರಗಿ, ಹಾಗೇ ಕುಸಿದು ಕೂತಳು. ನಾದಿನಿ ಓಡಿಬಂದು ಗುಂಡಿ ಬಿಚ್ಚಿ, ಬಾಟಲಿಯ ನೀರನ್ನೆಲ್ಲ ಅವಳ ತಲೆಗೆ ಸುರಿದಳು. ಎದ್ದು ನಿಲ್ಲುವಷ್ಟು ಸುಧಾರಿಸಿಕೊಂಡ ಮೇಲೆ ಇಬ್ಬರೂ ಕೆಳಗಿಳಿದರು. ಕೆರೆಯ ಮುಖವನ್ನೂ ನೋಡಲಾಗಲಿಲ್ಲ.

ಮನೆಯಲ್ಲಿ ಗಂಡ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಜಗಳಕ್ಕೊಂದು ಹಿಡಿ ಸಿಗುತ್ತಿತ್ತು. ಅವನು ಸುಮ್ಮನೆ ಗಾಳದ ಕೋಲು ಎತ್ತಿಕೊಂಡು ಹೋಗಿ ಅಟ್ಟದ ಮೇಲೆ, ಹಳೆಯ ಡ್ರಮ್ಮಿನ ಹಿಂದೆ ಇಟ್ಟುಬಂದ.

"ಮುಗೀತು," ಅಂದ. "ನಿನ್ನ ಬಟ್ಟೆ ನೋಡಿದ್ದಾಯ್ತು. ಇನ್ನು ಮನೆಯಲ್ಲಿರು. ನನಗೆ ನೀನು ಬೇಕು."

ಕೊನೆಯ ಮಾತಿಗೆ ಅವಳು ಒಂದು ಗಳಿಗೆ ಮೆತ್ತಗಾದಳು. ಎದುರಿಗೆ ಕಿಟಕಿ ಇತ್ತು, ಅದಕ್ಕೆ ಅವಳೇ ಹೊಲಿದ ಪರದೆ. ಉಳಿದ ಆಯುಸ್ಸೆಲ್ಲ ಅದರ ಈಚೆಗೆ ಕೂತಿರುವುದು ಕಣ್ಣ ಮುಂದೆ ಬಂತು. ಮೆತ್ತಗಾದದ್ದು ಮತ್ತೆ ಗಟ್ಟಿಯಾಯಿತು.

"ನಾನೂ ನನಗೆ ಬೇಕು ಕಣ್ರೀ," ಅಂದಳು. "ಅಂಗಿ ಸೋತಿದೆ. ನಾನು ಸೋತಿಲ್ಲ."

ಮಾರನೆಯ ದಿನ ಅವಳು ಪೇಟೆಬೀದಿಯ ಬಟ್ಟೆಯಂಗಡಿಗೆ ಹೋದಳು, ಚಾರಣ ಹೋಗುವವರ ಸಾಮಾನು ಇಟ್ಟಿರುವ ಅಂಗಡಿ. ಗಂಡನೂ ಹಿಂದೆಯೇ ಬಂದ. ತಡೆಯಲೋ ಕಾಯಲೋ ಅವನಿಗೇ ಸ್ಪಷ್ಟವಿದ್ದಂತಿರಲಿಲ್ಲ. ಅಂಗಡಿಯವ ಮೊದಲು ತೆಳ್ಳಗಿನ ಬಿಳಿ ಹತ್ತಿ ಅಂಗಿ ಹರವಿದ.

"ಸೆಕೆಗೆ ಇದೇ ಹೋಗೋದು ಮೇಡಂ. ಹಾಕ್ಕೊಂಡಿದ್ದೇ ಗೊತ್ತಾಗಲ್ಲ."

ಅವಳು ತೋಳಿನೊಳಗೆ ಕೈ ತೂರಿಸಿ ಅದನ್ನು ದೀಪಕ್ಕೆ ಹಿಡಿದಳು. ಪರದೆ ಬಟ್ಟೆ ಕೊಳ್ಳುವಾಗ ಹಾಗೇ ನೋಡುವ ಅಭ್ಯಾಸ. ಬೆರಳಿನ ಉಂಗುರ ಕೂಡ ಕಂಡಿತು.

"ಬಿಸಿಲಿಗೂ ಗೊತ್ತಾಗಲ್ಲ ಬಿಡಿ," ಅಂದಳು.

ಅಂಗಡಿಯವ ನಕ್ಕುಬಿಟ್ಟ. "ಒದ್ದೆಯಾದ್ರೆ ಇನ್ನೂ ಮೋಸ. ಎಲ್ಲಿಗೆ ಹೋಗ್ತೀರಿ?"

"ಗುಡ್ಡ ಹತ್ತಿ ಗಾಳ ಹಾಕೋಕೆ."

"ಮೊದಲೇ ಹೇಳಬಾರದಾ? ನಾನೂ ಗಾಳದವನೇ." ಅವನು ಒಳಗಿನಿಂದ ಗಾಢ ನೀಲಿಯ ಒಂದು ಅಂಗಿ ತಂದ. ಒತ್ತು ನೇಯ್ಗೆ, ಆದರೆ ಕೈಯಲ್ಲಿ ಹಗುರ. ಬೆನ್ನಿಗೆ ಅಡ್ಡಲಾಗಿ ಒಂದು ಸೀಳು, ಅದರ ಮೇಲೆ ಸೂರಿನ ಹಾಗೆ ಇಳಿಬಿದ್ದ ಪಟ್ಟಿ, ಗಾಳಿ ನುಗ್ಗಿದರೂ ಬಿಸಿಲು ನುಗ್ಗದ ಹಾಗೆ. ಕಂಕುಳಲ್ಲಿ ಜಾಲರಿ ಬಟ್ಟೆ. ಬಿಸಿಲನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿಯೂ ಒಳಪಟ್ಟಿಯಲ್ಲಿ ಅಚ್ಚಾಗಿತ್ತು. ಅವಳು ಮತ್ತೆ ದೀಪಕ್ಕೆ ಹಿಡಿದಳು. ಉಂಗುರ ಕಾಣಲಿಲ್ಲ.

"ಒಂದು ಸೈಜು ದೊಡ್ಡದೇ ತಗೊಳ್ಳಿ," ಅಂದ ಅವನು. "ಬಟ್ಟೆ ಮೈಗೆ ಅಂಟಬಾರದು, ಮಧ್ಯೆ ಗಾಳಿ ಓಡಾಡಬೇಕು. ಟೋಪಿಗೆ ಸುತ್ತಲೂ ಅಗಲ ಅಂಚಿರಲಿ. ಆದ್ರೆ ಅದೊಂದನ್ನೇ ನಂಬಬೇಡಿ. ಬಿಸಿಲು ಮೇಲಿಂದ ಬಂದು ನೀರಿಗೆ ಬಡಿದು ಕೆಳಗಿಂದ ಮುಖಕ್ಕೆ ಹೊಡೆಯುತ್ತೆ. ಅಂಚಿನ ಒಳಗೆ ಕಪ್ಪು ಬಟ್ಟೆ ಹಾಕಿಸಿ, ಕಣ್ಣು ಕುಕ್ಕಲ್ಲ. ಕುತ್ತಿಗೆಗೆ ಮಾತ್ರ ಬೇರೆ ಹೊದಿಕೆ ಬೇಕೇ ಬೇಕು."

ಇಷ್ಟು ಹೊತ್ತು ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದ ಗಂಡ ಬಾಯಿ ತೆರೆದ.

"ಕೈಗೆ ಏನೂ ಇಲ್ವಾ?"

ಅವಳು ತಿರುಗಿ ನೋಡಿದಳು. ಅವನು ಮತ್ತೆ ಗಡಿಯಾರದ ಕಡೆ ಮುಖ ಮಾಡಿ, "ಸುಮ್ನೆ ಕೇಳ್ದೆ. ಅದು ಹಿಂದೆ ಓಡ್ತಿದೆ," ಅಂದ.

ಟೋಪಿ, ಕುತ್ತಿಗೆಯ ಮುಸುಕಿನ ಜೊತೆ ಕೈಗವಸೂ ಬಂತು, ಗಾಳದ ದಾರಕ್ಕೆ ಗಂಟು ಹಾಕಲು ಅನುಕೂಲವಾಗುವ ಹಾಗೆ ಬೆರಳ ತುದಿ ಬಿಟ್ಟದ್ದು. ಮನೆಗೆ ಬಂದು ಪರದೆಯಕ್ಕ ಬ್ಲ್ಯಾಕ್‌ಔಟ್ ಅಂಗಿಯ ಹೊಲಿಗೆ ಬಿಚ್ಚಿದಳು. ಬಿಚ್ಚುವಾಗ ಬಂಡೆಯ ಬಳಿಯ ಆ ಬಿಸಿಯುಸಿರು ನೆನಪಾಯಿತು. ಬೆನ್ನಿನ ಭಾಗದಿಂದ ಬಳೆಯಾಕಾರದ ಒಂದು ತುಂಡು ಕತ್ತರಿಸಿ, ಟೋಪಿಯ ಅಂಚಿನ ಒಳಮೈಗೆ ಹೊಲಿದಳು. ಸೋತ ಬಟ್ಟೆಗೂ ಒಂದು ಕೆಲಸ ಸಿಕ್ಕಿತು.

ಇನ್ನು ಉಳಿದದ್ದು ಕೋಲು. "ಇಳಿಸಿಕೊಡಿ," ಅಂದಳು. ಗಂಡ ಕೇಳಿಸದವನ ಹಾಗೆ ಯಾರದೋ ಕೈಗಡಿಯಾರದೊಳಗೆ ಕಣ್ಣು ನೆಟ್ಟಿದ್ದ. ಅವಳು ತಾನೇ ಏಣಿ ಎಳೆದು ತಂದು ಹತ್ತತೊಡಗಿದಳು. ಏಣಿಯ ಒಂದು ಕಾಲು ಗಿಡ್ಡ, ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಅದು ಕಟಕಟ ಅಂದ ಕೂಡಲೇ ಅವನು ಎದ್ದುಬಂದು ಗಟ್ಟಿಯಾಗಿ ಹಿಡಿದ.

"ನಾನು ಹಿಡಿದಿರೋದು ಏಣಿಯನ್ನ," ಅಂದ. "ನಿನ್ನ ಹಠಾನ ಅಲ್ಲ."

"ಹಠ ನಾನೇ ಹಿಡಿದಿದ್ದೀನಿ. ನೀವು ಏಣಿ ಬಿಡಬೇಡಿ."

ಆ ವಾರ ಅವಳು ನಿಧಾನವಾಗಿ ಹತ್ತಿದಳು. ನೆರಳು ಕಂಡಲ್ಲಿ ನಿಂತಳು, ಬಾಯಾರುವ ಮೊದಲೇ ನೀರು ಕುಡಿದಳು. ನಿಲ್ಲುವುದು ಸೋಲಲ್ಲ ಅಂತ ತನಗೆ ತಾನೇ ಎರಡೆರಡು ಸಲ ಹೇಳಿಕೊಳ್ಳಬೇಕಾಯಿತು. ಬೆನ್ನಿನ ಸೀಳಿನಲ್ಲಿ ಗಾಳಿ ಬಂದು ಅಂಗಿ ಉಬ್ಬಿದಾಗ ನಾದಿನಿ ಹಿಂದಿನಿಂದ, "ಹಾರಿಹೋಗಬೇಡಿ ಅತ್ತಿಗೆ, ಊಟದ ಡಬ್ಬಿ ನಿಮ್ಮ ಹತ್ರ ಇದೆ," ಅಂದಳು.

ಕೆರೆಯ ಏರಿಯ ಮೇಲೆ ಬನಿಯನ್ನಿನಲ್ಲಿ ಕೂತಿದ್ದ ಡೊಳ್ಳುಹೊಟ್ಟೆಯ ಮನುಷ್ಯನೊಬ್ಬ ಇವಳ ಟೋಪಿ, ಮುಸುಕು, ಕೈಗವಸು ನೋಡಿ ಕೇಳಿದ, "ಏನಮ್ಮ, ಜೇನು ಕೀಳೋಕೆ ಬಂದ್ರಾ?"

"ಹೌದಪ್ಪ. ಇಲ್ಲಿಯ ಜೇನು ನೀರೊಳಗಿದೆ. ಸ್ವಲ್ಪ ಸರ್ಕೊಳ್ಳಿ, ಅದು ನನ್ನ ಜಾಗ."

ಅವನು ಸರಿದ. ಅವಳು ಕೂತು ಗಾಳ ಬೀಸಿದಳು. ನೀರಿನ ಮೇಲೆ ಬಿಸಿಲು ಕುಣಿಯುತ್ತಿತ್ತು, ಟೋಪಿಯ ಕಪ್ಪು ಅಂಚಿನ ಕೆಳಗೆ ಅವಳ ಕಣ್ಣು ತಣ್ಣಗಿತ್ತು. ಮಧ್ಯಾಹ್ನದೊಳಗೆ ಅಂಗೈ ಉದ್ದದ ಒಂದು ಮೀನು ಸಿಕ್ಕಿತು. ನಾದಿನಿ ಅದನ್ನು ನೋಡಿ, "ಇದಕ್ಕೆ ಅರ್ಧ ಟಿಕೆಟ್ಟೂ ಬೇಡ," ಅಂದಳು. ಪರದೆಯಕ್ಕ ಅದನ್ನು ನೀರಿಗೇ ಬಿಟ್ಟಳು, ಮತ್ತೆ ಗಾಳ ಬೀಸಿದಳು.

ಡಾಕ್ಟರು ಮತ್ತೆ ಬರಲು ಹೇಳಿದ ದಿನ ಇನ್ನೂ ಬಂದಿಲ್ಲ. ಕಿವಿಯ ಕೆಳಗಿನ ಗೆರೆ ಬೆಳ್ಳಗಾಗಿದೆ. ಅಷ್ಟು ವರ್ಷ ಬರಿಗುತ್ತಿಗೆಯಲ್ಲಿ ಕುಡಿದ ಬಿಸಿಲು ಒಳಗೆ ಇನ್ನೆಲ್ಲಾದರೂ ಕೂತಿದೆಯೋ, ನೀಲಿ ಅಂಗಿ ಬಂದದ್ದು ಸಾಕಷ್ಟು ಬೇಗವೋ ತಡವೋ, ಅವಳಿಗೆ ಗೊತ್ತಿಲ್ಲ. ಹೇಳಿದವರಿಗೂ ಗೊತ್ತಿಲ್ಲ.